ಕಾಳು ಇನ್ನೂ ಬೆಂದಿರಲಿಲ್ಲ

ಮಾಸುಮಬಿ ಯಳವತ್ತಿಯಿಂದ ಲಕ್ಷ್ಮೇಶ್ವರದ ಪಿಂಜಾರ ಓಣಿಗೆ ಸೊಸೆಯಾಗಿ ಬಂದ ಹೊಸತರಲ್ಲಿ, ಅವಳಲ್ಲಿ ಮೆಚ್ಚುವಂಥದ್ದು ಏನೂ ಇಲ್ಲವೆಂದು ಅತ್ತೆ ಫಕೀರಬಿ ಓಣಿಯ ಹೆಂಗಸರ ಮುಂದೆಲ್ಲ ಹೇಳಿದ್ದಳು. ಬಣ್ಣ ಕಡಿಮೆ, ಮಾತು ಕಡಿಮೆ, ತವರಿನವರು ಕೊಟ್ಟದ್ದೂ ಕಡಿಮೆ. ಆರು ತಿಂಗಳು ಕಳೆದು ಬಕ್ರೀದ್ ಬಂತು. ಹಬ್ಬ ಮುಗಿದು ತಿಂಗಳಾದ ಮೇಲೆ ಒಂದು ದಿನ ಸೊಸೆ ಒಣಖಂಡ ಹಾಕಿ ಅವರೆಕಾಳು ಬೇಯಿಸಿದಳು. ದಿನಾ ಎರಡು ರೊಟ್ಟಿಗೆ ಕೈ ತೊಳೆಯುತ್ತಿದ್ದ ಫಕೀರಬಿ ಅವತ್ತು ನಾಲ್ಕು ತಿಂದಳು. ಬಾಯಿಬಿಟ್ಟು ಹೊಗಳಲಿಲ್ಲ. ಆದರೆ ಅಂದಿನಿಂದ ಮನೆಗೆ ದೊಡ್ಡವರು ಯಾರಾದರೂ ಬರುವುದಿದ್ದರೆ ಹಿಂದಿನ ದಿನವೇ ಕಾಳು ನೆನೆಹಾಕಲು ಸೊಸೆಗೆ ಹೇಳತೊಡಗಿದಳು.

ಆ ಅಡಿಗೆ ಮಾಸುಮಬಿಯ ಅವ್ವ ಅಲ್ಮಾಸಬಿಯದು. ಕುರ್ಬಾನಿಯ ಪಾಲಿನಲ್ಲಿ ಉಳಿದ ಮಾಂಸವನ್ನು ಅಲ್ಮಾಸಬಿ ಬೆರಳುದ್ದ ಪಟ್ಟಿಗಳಾಗಿ ಸೀಳಿ, ಉಪ್ಪು ಅರಿಶಿನ ಖಾರ ಹಚ್ಚಿ, ದಾರಕ್ಕೆ ಪೋಣಿಸಿ ಎರಡು ದಿನ ಬಿಸಿಲಿಗೆ ಹಾಕುತ್ತಿದ್ದಳು. ಆಮೇಲೆ ಒಲೆಯ ಮೇಲೆ ಅಡ್ಡ ಕಟ್ಟಿದ ತಂತಿಗೆ ತೂಗುಹಾಕುತ್ತಿದ್ದಳು. ಸೆಗಣಿ ಕುಳ್ಳಿನ ಹೊಗೆ ದಿನವೂ ಹತ್ತಿ ಹತ್ತಿ ಖಂಡ ಕಪ್ಪಗೆ, ಹಳೆಯ ಚರ್ಮದ ಹಾಗೆ ಆಗುತ್ತಿತ್ತು. ಅದನ್ನು ಮೆತ್ತಗೆ ಮಾಡಬೇಕಾದರೆ ಅರ್ಧ ದಿನದ ಬೆಂಕಿ ಬೇಕು, ಅದೂ ಅವಸರದ ಉರಿಯಲ್ಲ. ಹತ್ತಿಕಟ್ಟಿಗೆ ಭಗ್ಗನೆ ಉರಿದು ಆರಿಬಿಡುತ್ತದೆ. ಇದಕ್ಕೆ ಜಾಲಿಕಟ್ಟಿಗೆಯ ಕೆಂಡ, ಬದಿಗೆ ಎರಡು ಕುಳ್ಳು ಇರಬೇಕು. ರಾತ್ರಿ ನೆನೆದ ಕಾಳನ್ನು ಮಣ್ಣಿನ ಗಡಿಗೆಗೆ ಹಾಕಿ, ಬಾಯಿಗೆ ನೀರು ತುಂಬಿದ ತಾಟು ಮುಚ್ಚಬೇಕು. ಒಳಗಿನ ನೀರು ಇಂಗಿದಾಗ ತಾಟಿನಲ್ಲಿ ಕಾದ ನೀರನ್ನೇ ಹಾಕಬೇಕು, ತಣ್ಣೀರು ಆಗದು. ಕಾಳು ಅರ್ಧ ಬೆಂದ ಮೇಲೆ, ಬಿಸಿನೀರಲ್ಲಿ ತೊಳೆದು ಕಲ್ಲಿನಿಂದ ಜಜ್ಜಿದ ಖಂಡ. ಎರಡು ಬೆರಳಲ್ಲಿ ಹಿಸುಕಿದರೆ ಕಾಳು ಬೆಣ್ಣೆಯಾದಾಗ ಮಸಾಲೆ, ಉಪ್ಪು, ಎಲ್ಲಕ್ಕಿಂತ ಕೊನೆಗೆ ಹುಣಸೆರಸ. ಹುಳಿ ಮೊದಲೇ ಬಿದ್ದರೆ ಎಷ್ಟು ಕುದಿಸಿದರೂ ಕಾಳು ಬೇಯುವುದಿಲ್ಲ. ಇಷ್ಟನ್ನು ಮಗಳ ಕೈಗೆ ಹತ್ತಿಸಲು ಅಲ್ಮಾಸಬಿಗೆ ಮೂರು ಬಕ್ರೀದ್ ಬೇಕಾಗಿದ್ದವು.

ಫಕೀರಬಿಯ ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಮನೆಯಲ್ಲಿ ಅವಳು, ಮಗ ಅಬ್ದುಲಗನಿ, ಮಗಳು ಹಸೀನಾಬಿ, ಸೊಸೆ, ಹೀಗೆ ನಾಲ್ಕೇ ಜನ. ಅಬ್ದುಲಗನಿ ಮುಂದಿನ ಪಡಸಾಲೆಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಸಾಧು ಮನುಷ್ಯ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ಅವ್ವನ ಮಾತು ಮೀರಿದವನೂ ಅಲ್ಲ. ಹಸೀನಾಬಿಗೆ ಹದಿನೇಳು. ಅಣ್ಣನ ಹೆಂಡತಿ ಬಂದ ಮೇಲೆ ಅವಳಿಗೆ ಮನೆಯಲ್ಲಿ ಮಾತಾಡಲು ಒಬ್ಬರು ಸಿಕ್ಕಂತಾಗಿತ್ತು. ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು, ಒಬ್ಬರ ಜಡೆ ಒಬ್ಬರು ಹಾಕುತ್ತಿದ್ದರು.

ಮಾಸುಮಬಿ ಬಂದ ಎರಡನೆಯ ವರ್ಷ, ಅಂದರೆ ಎಪ್ಪತ್ತೊಂಬತ್ತನೆಯ ಇಸವಿಯ ಜನವರಿಯಲ್ಲಿ, ಹಸೀನಾಬಿಗೆ ಮುಂಡರಗಿಯ ಒಂದು ಸಂಬಂಧ ಬಂತು. ಹುಡುಗನ ಹೆಸರು ಮೌಲಾಸಾಬ. ಅವನ ತಂದೆ ಬುಡ್ಡೇಸಾಬನದು ಮುಂಡರಗಿಯಲ್ಲಿ ದೊಡ್ಡ ಕಟ್ಟಿಗೆ ಅಡ್ಡೆ, ಮನೆಯ ಮುಂದೆ ಸ್ವಂತ ಲಾರಿ. ಗಾದಿ ಹೊಲಿಯುವವರ ಮನೆಗೆ ಅದು ನಿಲುಕದ ಸಂಬಂಧವೇ. ಅವರು ಒಮ್ಮೆ ಬಂದು ಹುಡುಗಿಯನ್ನು ನೋಡಿ ಹೂಂ ಅನ್ನದೆ ಊಂಹೂಂ ಅನ್ನದೆ ಹೋಗಿದ್ದರು. ಈಗ ಬುಡ್ಡೇಸಾಬನೇ ಬರುತ್ತೇನೆಂದು ಹೇಳಿಕಳಿಸಿದ್ದ. ಆತ ಊಟದಲ್ಲಿ ಬಲು ಚೊಕ್ಕ ಮನುಷ್ಯ, ಒಂದು ಮನೆಯ ಯೋಗ್ಯತೆಯನ್ನು ಅವರ ಗಡಿಗೆಯಿಂದಲೇ ಅಳೆಯುತ್ತಾನೆ ಎಂದು ನಡುವಿನವರು ಹೇಳಿದ್ದರು. ಫಕೀರಬಿ ಒಲೆಯ ಮೇಲಿನ ತಂತಿಯತ್ತ ನೋಡಿದಳು. ಖಂಡ ಒಣಗಿ ಹದವಾಗಿತ್ತು.

ಆ ದಿನ ಮಾಸುಮಬಿ ಬೆಳಕು ಹರಿಯುವ ಮುಂಚೆಯೇ ಒಲೆ ಹೊತ್ತಿಸಿ ಕೂತಳು. ಹಸೀನಾಬಿ ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಹುಡುಗನ ಕಿವಿ ದೊಡ್ಡವೋ ಸಣ್ಣವೋ ಎಂಬ ಮಾತಿಗೆ ಇಬ್ಬರೂ ಸದ್ದು ಕೇಳದಂತೆ ನಕ್ಕರು. ಮುಂದಿನಿಂದ ಅಬ್ದುಲಗನಿಯ ಹಿಂಜುವ ಬಿಲ್ಲಿನ ಸದ್ದು ಒಂದೇ ಸಮ ಬರುತ್ತಿತ್ತು. ಹತ್ತು ಗಂಟೆಯ ಸುಮಾರಿಗೆ ಆ ಸದ್ದು ನಿಂತಿತು. ಯಾರೋ ಬಂದು ಮಾತಾಡುತ್ತಿದ್ದಾರೆ ಎನಿಸಿತು, ಗಾದಿ ಕೇಳಲು ಬಂದವರು ಇರಬಹುದೆಂದು ಮಾಸುಮಬಿ ಕೆಂಡ ಸರಿಮಾಡುತ್ತ ಕೂತಳು. ಸ್ವಲ್ಪ ಹೊತ್ತಿಗೆ ಫಕೀರಬಿ ಮಗಳನ್ನು ಹೊರಗೆ ಕರೆದಳು. ತಿರುಗಿ ಇಬ್ಬರೂ ಒಟ್ಟಿಗೆ ಒಳಗೆ ಬಂದರು. ಫಕೀರಬಿ ಗಡಿಗೆಯ ತಾಟು ಸರಿಸಿ, ಒಂದು ಕಾಳು ತೆಗೆದು ಹಿಸುಕಿ ನೋಡಿ, "ಇನ್ನಾ ಗಟ್ಟಿ ಐತಿ," ಎಂದು ಹೊರಟುಹೋದಳು. ಹಸೀನಾಬಿ ಮತ್ತೆ ಬೆಳ್ಳುಳ್ಳಿಯ ಮುಂದೆ ಕೂತಳು, ಆದರೆ ಮಾತಾಡಲಿಲ್ಲ. ಲಗ್ನದ ಹುಡುಗಿಗೆ ಅಂಜಿಕೆ ಶುರುವಾಯಿತೆಂದು ಮಾಸುಮಬಿ ಅವಳ ತೊಡೆ ತಟ್ಟಿದಳು. ಮುಂದೆ ಬಿಲ್ಲಿನ ಸದ್ದು ಮತ್ತೆ ಕೇಳತೊಡಗಿತು.

ಮುಂಡರಗಿಯವರು ಒಂದು ಗಂಟೆಗೆ ಬಂದರು. ಗಂಡಸರು ಪಡಸಾಲೆಯಲ್ಲಿ ಊಟಕ್ಕೆ ಕೂತರು. ಗಡಿಗೆಯ ಬಾಯಿ ತೆಗೆದಾಗ ಹೊಗೆ ಹಿಡಿದ ಮಾಂಸದ ವಾಸನೆ ಓಣಿಯ ತುದಿಯವರೆಗೆ ಹೋಯಿತು. ಬುಡ್ಡೇಸಾಬ ಮೊದಲ ತುತ್ತಿಗೆ ತಾಟಿನತ್ತ ಬಗ್ಗಿ ನೋಡಿದ. ಎರಡನೆಯ ತುತ್ತಿಗೆ ಕಣ್ಣು ಮುಚ್ಚಿದ. ಕಾಳು ಒಡೆದಿರಲಿಲ್ಲ, ಆದರೆ ನಾಲಿಗೆಗೆ ತಾಗಿದ ಕೂಡಲೇ ಕರಗುತ್ತಿತ್ತು. ಖಂಡ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಮೂರು ಸಲ ಹಾಕಿಸಿಕೊಂಡ ಮೇಲೆ ಆತ ಇದು ಯಾರ ಕೈ ಅಡಿಗೆ ಎಂದು ಕೇಳಿದ.

ಪರದೆಯ ಹಿಂದೆ ನಿಂತ ಫಕೀರಬಿ ತಡಮಾಡಲಿಲ್ಲ.

"ನಮ್ಮ ಹಸೀನಾಂದ್ರೀ. ನಸುಕಿನ್ಯಾಗ ಎದ್ದು ಒಬ್ಬಾಕೀನ ಮಾಡ್ಯಾಳ."

ಪಕ್ಕದಲ್ಲೇ ಇದ್ದ ಮಾಸುಮಬಿಗೆ ಆಗ ಸಿಟ್ಟು ಬರಲಿಲ್ಲ. ಹುಡುಗಿಗೆ ಒಳ್ಳೆಯದಾದರೆ ಆಗಲಿ ಎನಿಸಿ ಹಸೀನಾಬಿಯ ಕಡೆ ತಿರುಗಿ ನಕ್ಕಳು. ಹಸೀನಾಬಿ ನಗಲಿಲ್ಲ. ಊಟದ ಹಿಂದೆಯೇ ಮಾತು ಪಕ್ಕಾ ಆಯಿತು, ಸಕ್ಕರೆ ಹಂಚಿದರು. ಮುಂಡರಗಿಯವರು ನಾಲ್ಕರ ಬಸ್ಸಿಗೆ ಹೊರಟರು. ಅವರನ್ನು ಬಿಟ್ಟು ಬಂದ ಅಬ್ದುಲಗನಿ ಬಾಗಿಲಲ್ಲೇ ನಿಂತ. ಫಕೀರಬಿ ಗಡಿಗೆಯ ತಳದಲ್ಲಿ ಉಳಿದದ್ದನ್ನು ಒಂದು ಬಟ್ಟಲಿಗೆ ತೆಗೆಯುತ್ತಿದ್ದ ಸೊಸೆಗೆ ಹೇಳಿದಳು:

"ನಿಮ್ಮೂರಿಂದ ಖಬರ ಬಂದೈತಿ. ನಿಮ್ಮವ್ವಗ ಆರಾಮಿಲ್ಲಂತ. ಗನಿ ಜೋಡಿ ಹೋಗಿ ಬಾ."

ಅವರು ಐದರ ಬಸ್ಸು ಹಿಡಿದರು. ದಾರಿಯುದ್ದಕ್ಕೂ ಮಾಸುಮಬಿ ಗಂಡನಿಗೆ ಏನಾಗಿದೆಯಂತೆ, ಯಾರು ಬಂದಿದ್ದರು ಎಂದು ಕೇಳಿದಳು. ಆತ ಕಿಟಕಿಯ ಹೊರಗೆ ನೋಡುತ್ತ, ಯಾರೋ ಊರವರು ಹೇಳಿಹೋದರು ಎಂದಷ್ಟೇ ಅಂದ. ಯಳವತ್ತಿಯಲ್ಲಿ ಇಳಿದಾಗ ಹೊತ್ತು ಮುಳುಗುವುದರಲ್ಲಿತ್ತು. ಮನೆಯ ಮುಂದೆ ಹೆಂಗಸರು ಮಾತ್ರ ಕೂತಿದ್ದರು. ಗಂಡಸರು ಯಾರೂ ಇರಲಿಲ್ಲ. ಅದನ್ನು ನೋಡಿದೊಡನೆ ಅವಳಿಗೆ ತಿಳಿಯಿತು. ಅವರು ಜನಾಜಾ ಹೊತ್ತು ಹೋಗಿ ಬಹಳ ಹೊತ್ತಾಗಿರಲಿಲ್ಲ. ಅವ್ವ ಮಲಗಿದ್ದ ಜಾಗದಲ್ಲಿ ನೆಲ ತೊಳೆದಿದ್ದರು, ಇನ್ನೂ ಹಸಿಯಿತ್ತು. ಮಗಳು ಬಂದು ಕಡೆಯ ಸ್ನಾನಕ್ಕೆ ಒಂದು ತಂಬಿಗೆ ನೀರಾದರೂ ಹಾಕಲಿ ಎಂದು ಬಹಳ ಕಾದೆವು, ಇನ್ನು ಇಟ್ಟುಕೊಳ್ಳಬಾರದೆಂದು ಎತ್ತಿದರು ಎಂದು ಹೆಂಗಸರು ಅತ್ತರು. ಮಧ್ಯಾಹ್ನ ಒಂದರವರೆಗೆ ಜೀವ ಇತ್ತಂತೆ. ಕಣ್ಣು ಬಾಗಿಲ ಕಡೆಗೇ ಇತ್ತಂತೆ.

ಮಣ್ಣು ಮಾಡಿ ಗಂಡಸರು ತಿರುಗಿ ಬಂದರು. ಅವರ ಜೊತೆ ಪಕ್ಕದ ಹೊಲದ ಪುಂಡಲೀಕಪ್ಪ ಇದ್ದ. ಅಲ್ಮಾಸಬಿಯನ್ನು ಅಕ್ಕ ಎಂದೇ ಕರೆಯುತ್ತಿದ್ದ, ಮಾಸುಮಬಿಯನ್ನು ಸಣ್ಣವಳಿದ್ದಾಗ ಚಕ್ಕಡಿಯಲ್ಲಿ ಹೊಲಕ್ಕೆ ಕರೆದೊಯ್ಯುತ್ತಿದ್ದ ಮನುಷ್ಯ. ಆತ ಟವೆಲಿನಿಂದ ಮುಖ ಒರೆಸಿಕೊಂಡು ಅವಳ ಎದುರು ಕುಕ್ಕರಗಾಲಲ್ಲಿ ಕೂತ.

"ಯಾಕಿಷ್ಟ ತಡಾ ಮಾಡಿದಿ ತಂಗಿ? ನಾ ಹತ್ತಕ್ಕ ಬಂದು ನಿನ್ನ ಗಂಡಗ ಹೇಳಿದ್ನಲ್ಲ. ಪ್ಯಾಟ್ಯಾಗ ಶೇಂಗಾ ಇಳಿಸಿದ್ದೆ, ಚಕ್ಕಡಿ ಖಾಲಿ ಇತ್ತು, ಕರಕೊಂಡ ಹೋಗತೇನಿ ಕಳಸ್ರಿ ಅಂದೆ. ಕೆಲಸದಾಗ ಅದಾಳ, ಹಿಂದಿಂದ ಬಸ್ಸಿಗೆ ಕಳಸತೇವಿ ಅಂದ್ರು."

ಮಾಸುಮಬಿ ಗಂಡನ ಕಡೆ ನೋಡಿದಳು. ಅಬ್ದುಲಗನಿ ಅಂಗಳದ ಬೇವಿನ ಮರದ ಹತ್ತಿರ ನಿಂತಿದ್ದ. ಅವಳು ಎದ್ದು ಅಲ್ಲಿಗೆ ಹೋದಳು. ಜನ ನೋಡುತ್ತಿದ್ದಾರೆ ಎನ್ನುವುದು ಅವಳಿಗೆ ಗೊತ್ತಿತ್ತು, ಆದರೂ ಹೋದಳು. ನಿಮಗೆ ಹತ್ತು ಗಂಟೆಗೇ ಗೊತ್ತಿತ್ತೇ ಎಂದು ಕೇಳಿದಳು. ಆತ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಲು ಬರುತ್ತಿರಲಿಲ್ಲ.

"ನಾ ಹೇಳೂಣಂತ ಅಂದಿದ್ದೆ. ಅವ್ವ ಬ್ಯಾಡ ಅಂದ್ಲು. ಕಾಳು ಇನ್ನಾ ಬೆಂದಿದ್ದಿಲ್ಲ."

ಅದನ್ನು ಆತ ಹೇಳಿದ ರೀತಿಯನ್ನು ಅವಳು ಜೀವಮಾನವಿಡೀ ಮರೆಯಲಿಲ್ಲ. ಅದರಲ್ಲಿ ನಾಚಿಕೆಯೂ ಇರಲಿಲ್ಲ, ಕೆಟ್ಟತನವೂ ಇರಲಿಲ್ಲ. ಮಳೆ ಬಂದಿತ್ತು ಅದಕ್ಕೆ ಬರಲಿಲ್ಲ ಎನ್ನುವ ಹಾಗೆ ಆತ ಕಾರಣ ಹೇಳಿದ್ದ.

ಅವಳು ನಲವತ್ತು ದಿನ ಯಳವತ್ತಿಯಲ್ಲೇ ಉಳಿದಳು. ಇನ್ನು ಆ ಮನೆಗೆ ಹೋಗುವುದಿಲ್ಲ ಎಂದು ಅಣ್ಣ ಮಾಶಾಕನಿಗೆ ಹೇಳಿದಳು. ಮಾಶಾಕ ಮೊದಲು ಸಿಟ್ಟಾದ, ಲಕ್ಷ್ಮೇಶ್ವರಕ್ಕೆ ಹೋಗಿ ಜಗಳ ಮಾಡಿ ಬರುತ್ತೇನೆಂದ. ಆಮೇಲೆ ಅವನ ಹೆಂಡತಿ ಏನೋ ಅಂದಳು. ಮಾಶಾಕ ಕೂಲಿಯವನು, ಇರುವುದು ಒಂದೇ ಖೋಲಿ, ಮೂರು ಮಕ್ಕಳು. ನಲವತ್ತು ದಿನ ತುಂಬಿದ ಮೇಲೆ ಅಬ್ದುಲಗನಿ ಕರೆಯಲು ಬಂದಾಗ ಅಣ್ಣನೇ ಅವಳ ಗಂಟು ತಂದು ಬಸ್ಸಿನ ಮೇಲೆ ಹಾಕಿದ.

ಲಕ್ಷ್ಮೇಶ್ವರದಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಫಕೀರಬಿ ಅವಳಿಗೆ ಒಂದು ಹೊಸ ಸೀರೆ ಕೊಟ್ಟಳು. ಮೇ ತಿಂಗಳಲ್ಲಿ ಹಸೀನಾಬಿಯ ಮದುವೆಯಾಯಿತು. ಮಾಸುಮಬಿ ಮದುವೆಯ ಕೆಲಸವನ್ನೆಲ್ಲ ಮಾಡಿದಳು, ಅರಿಶಿನ ಅರೆದಳು, ರೊಟ್ಟಿ ಬಡಿದಳು. ಎದುರು ಮಾತಾಡಿದ್ದರೆ ಅತ್ತೆ ಹತ್ತು ಮಾತಾಡುತ್ತಿದ್ದಳು, ಗಂಡ ತಲೆ ತಗ್ಗಿಸುತ್ತಿದ್ದ, ಮರುದಿನ ಒಲೆ ಮತ್ತೆ ಅವಳೇ ಹಚ್ಚಬೇಕಾಗಿತ್ತು. ಎದೆಯಲ್ಲಿ ಏನೋ ಒಂದು ಗಟ್ಟಿಯಾಗುತ್ತ ಹೋಯಿತು. ಅದನ್ನು ಯಾರ ಮೇಲೆ ಎಸೆಯಬೇಕೋ ಅವಳಿಗೆ ತಿಳಿಯುತ್ತಿರಲಿಲ್ಲ.

ಮದುವೆಯಾಗಿ ಐದು ತಿಂಗಳಿಗೆ, ಬಕ್ರೀದಿಗೆ ಇನ್ನೂ ಹತ್ತು ದಿನವಿರುವಾಗ, ಹಸೀನಾಬಿ ತವರಿಗೆ ಬಂದಳು. ಮೈ ತುಂಬಿಕೊಂಡಿದ್ದಳು, ಎರಡು ತಿಂಗಳ ಬಸುರಿ. ಎರಡು ದಿನ ಅತ್ತಿತ್ತ ಓಡಾಡಿ ಮೂರನೆಯ ದಿನ ಅಡಿಗೆಮನೆಗೆ ಬಂದು ಮಾಸುಮಬಿಯ ಹತ್ತಿರ ಕೂತಳು. ಮಾವ ಬುಡ್ಡೇಸಾಬನಿಗೆ ಅವತ್ತಿನ ಊಟ ಮರೆತಿಲ್ಲವಂತೆ. ಹೋದವರ ಬಂದವರ ಮುಂದೆ ಸೊಸೆಯ ಕೈ ಹೊಗಳುತ್ತಾನಂತೆ. ಹಬ್ಬವಾದ ಮೇಲೆ ಖಂಡ ಹಾಕಿಸಿ, ಗದಗ ಬೆಟಗೇರಿಯ ಕಟ್ಟಿಗೆ ವ್ಯಾಪಾರಿಗಳನ್ನೆಲ್ಲ ಊಟಕ್ಕೆ ಕರೆಯುತ್ತಾನಂತೆ.

"ನಂಗ ಬರಂಗಿಲ್ಲಂತ ಹೆಂಗ ಹೇಳ್ಲಿ ಭಾಬಿ? ನೀ ಹೇಳಿಕೊಡು. ಬಾಯಿಪಾಠ ಮಾಡಕೋತೇನಿ."

ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿದದ್ದು ಬಿಟ್ಟರೆ ಹಸೀನಾಬಿ ಆ ಗಡಿಗೆಗೆ ಎಂದೂ ಕೈ ಹಾಕಿದವಳಲ್ಲ. ಆಗ ಮನೆಯಲ್ಲಿ ಖಂಡವಿರಲಿಲ್ಲ, ಮಾಡಿ ತೋರಿಸುವಂತಿರಲಿಲ್ಲ. ಮಾಸುಮಬಿ ಬಾಯಿಮಾತಲ್ಲೇ ಹೇಳಿದಳು. ಮಾಂಸ ಹೇಗೆ ಸೀಳಬೇಕು, ಎಷ್ಟು ದಿನ ಹೊಗೆಗೆ ಹಾಕಬೇಕು, ಯಾವ ಕಟ್ಟಿಗೆ, ಕಾಳು ಎಷ್ಟು ಹೊತ್ತು ನೆನೆಯಬೇಕು ಎಲ್ಲ ಸರಿಯಾಗಿಯೇ ಹೇಳಿದಳು. ಹಸೀನಾಬಿ ಒಂದೊಂದನ್ನೂ ತಿರುಗಿ ಹೇಳಿ ಗಟ್ಟಿ ಮಾಡಿಕೊಳ್ಳುತ್ತಿದ್ದಳು. ಗಡಿಗೆ ಒಲೆಯ ಮೇಲೆ ಏರಿತು ಎನ್ನುವಲ್ಲಿಗೆ ಬಂದಾಗ ಮಾಸುಮಬಿ ಅವಳ ಮುಖ ನೋಡಿದಳು. ಈ ಮದುವೆ ಯಾವ ದಿನದ ಬೆಂಕಿಯಲ್ಲಿ ಆಯಿತು ಎನ್ನುವುದು ನೆನಪಾಯಿತು. ಮೊದಲೇ ಯೋಚಿಸಿ ಇಟ್ಟುಕೊಂಡದ್ದಲ್ಲ. ಮಾತು ತಾನಾಗಿಯೇ ಬಂತು.

"ಹುಣಸಿರಸ ಮೊದಲ ಹಾಕು. ಉಪ್ಪೂ ಆಗ ಹಾಕು. ಕಾಳಿನ ಜೋಡೀನ ಕುದೀಬೇಕು ಅದು."

"ಮೊದಲ ಹುಣಸಿರಸ, ಉಪ್ಪು," ಎಂದು ಹಸೀನಾಬಿ ತಿರುಗಿ ಹೇಳಿದಳು.

ಅವಳು ಮುಂಡರಗಿಗೆ ಹೊರಡುವವರೆಗೆ ಇನ್ನೂ ಮೂರು ದಿನ ಇತ್ತು. ಆ ಮೂರು ದಿನದಲ್ಲಿ ಯಾವಾಗ ಬೇಕಾದರೂ ಮಾಸುಮಬಿ ತಿದ್ದಬಹುದಿತ್ತು. ಒಂದು ಸಲ ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಫಕೀರಬಿ ಬಂದು, ಮಗಳ ತಲೆಗೆ ಎಣ್ಣೆ ಹಚ್ಚುತ್ತ, ತಾಯಿ ಇದ್ದವರಿಗೇ ತವರು ಎಂದೇನೋ ಅಂದಳು. ಮಾಸುಮಬಿ ಎದ್ದು ಹಿತ್ತಲಿಗೆ ಹೋದಳು.

ಡಿಸೆಂಬರ್ ಮಧ್ಯದಲ್ಲಿ ಒಂದು ಬೆಳಗ್ಗೆ ಮೌಲಾಸಾಬ ಹೆಂಡತಿಯನ್ನು ಕರೆದುಕೊಂಡು ಬಂದು ಕಟ್ಟೆಯ ಮೇಲೆ ಟ್ರಂಕು ಇಟ್ಟ. ಒಳಗೆ ಬರಲಿಲ್ಲ, ನೀರು ಮುಟ್ಟಲಿಲ್ಲ. ಅಡಿಗೆ ಕಲಿತ ಮೇಲೆ ಕಳಿಸಿರಿ ಎಂದು ತನ್ನ ತಂದೆ ಹೇಳಿದ್ದಾನೆ ಎಂದು ಹೇಳಿ, ಬಂದ ಕಾಲಲ್ಲೇ ಶಿರಹಟ್ಟಿ ಬಸ್ಸು ಹತ್ತಿದ. ಆಗಿದ್ದೇನೆಂದರೆ, ಗದಗ ಬೆಟಗೇರಿಯಿಂದ ಹನ್ನೊಂದು ಜನ ಬಂದು ಪಂಕ್ತಿಯಲ್ಲಿ ಕೂತಿದ್ದರು. ಬೆಳಗಿನ ಜಾವದಿಂದ ಕುದಿಸಿದ ಕಾಳು ಮಧ್ಯಾಹ್ನ ಎರಡಾದರೂ ಹರಳಿನ ಹಾಗೆ ಉಳಿದಿತ್ತು. ಹಸೀನಾಬಿ ಹೆದರಿ ಉರಿ ಹೆಚ್ಚಿಸಿದಳು. ಗಡಿಗೆಯ ತಳ ಹತ್ತಿ ಖಂಡ ಸುಟ್ಟಿತು, ಕಾಳು ಮಾತ್ರ ಮೆತ್ತಗಾಗಲಿಲ್ಲ. ಬಂದವರು ರೊಟ್ಟಿಗೆ ಉಳ್ಳಾಗಡ್ಡಿ, ಶೇಂಗಾಹಿಂಡಿ ಹಚ್ಚಿಕೊಂಡು ತಿಂದು ಎದ್ದರು. ಅವರಲ್ಲೊಬ್ಬ ಚೇಷ್ಟೆಯವನು ಒಂದು ಕಾಳನ್ನು ತಾಟಿಗೆ ಟಣ್ಣೆಂದು ಬಡಿದು, ಇದನ್ನು ಲಾರಿಯಲ್ಲಿ ಹೇರಿದರೆ ರಸ್ತೆಗೆ ಹಾಕಬಹುದು ಎಂದನಂತೆ. ಎಲ್ಲರೂ ನಕ್ಕರು. ಬುಡ್ಡೇಸಾಬ ನಗಲಿಲ್ಲ. ಅವರು ಹೋದ ಮೇಲೆ ಸೊಸೆಯನ್ನು ಎದುರು ನಿಲ್ಲಿಸಿ, ಅವತ್ತು ಮಾಡಿದವಳು ನೀನೇ ಹೌದೋ ಅಲ್ಲವೋ ಎಂದು ಕೇಳಿದ. ಹಸೀನಾಬಿ ನಿಜ ಹೇಳಿಬಿಟ್ಟಳು. ಸುಳ್ಳು ಹೇಳಿ ಹೆಣ್ಣು ಕೊಟ್ಟವರು ಇನ್ನೂ ಏನೇನು ಮುಚ್ಚಿಟ್ಟಿದ್ದಾರೋ ಎಂದು ಅವಳ ಅತ್ತೆ ಅಂದಳು. ಗಂಡ ಮೌಲಾಸಾಬ ಗೋಡೆ ನೋಡುತ್ತ ನಿಂತಿದ್ದ.

ಫಕೀರಬಿ ಮುಂಡರಗಿಯವರನ್ನು ಬಾಯಿಗೆ ಬಂದಂತೆ ಬೈದಳು. ಕಾಳು ಯಾಕೆ ಬೇಯಲಿಲ್ಲ ಎಂದು ಮಗಳನ್ನು ಹತ್ತು ಸಲ ಕೇಳಿದಳು. ಮಾಸುಮಬಿ ಆಗ ಜೋಳ ಹಸನು ಮಾಡುತ್ತಿದ್ದಳು. ಅವಳ ಕೈ ಮೊರದ ಮೇಲೆ ನಿಂತಿತು.

"ಕಾಳು ಹಳೇವಿದ್ವು," ಎಂದಳು ಹಸೀನಾಬಿ.

ಅಷ್ಟೇ. ಮರುದಿನವೂ ಅಷ್ಟೇ ಹೇಳಿದಳು, ಅದರ ಮರುದಿನವೂ. ಮಾಸುಮಬಿ ದಿನವೂ ಕಾಯುತ್ತಿದ್ದಳು. ಯಾವುದೋ ಮಾತಿನ ನಡುವೆ ಹುಣಸೆಹಣ್ಣಿನ ಸುದ್ದಿ ಬರುತ್ತದೆ, ಅತ್ತೆಗೆ ತಿಳಿಯುತ್ತದೆ, ತನ್ನ ಕೂದಲು ಹಿಡಿದು ಬೀದಿಗೆ ಎಳೆಯುತ್ತಾರೆ ಎಂದುಕೊಂಡಳು. ಹಾಗೆ ಎಳೆದಿದ್ದರೆ ಅವಳಿಗೂ ಹೇಳಲು ಮಾತಿದ್ದವು, ವರ್ಷದಿಂದ ಕೂಡಿಟ್ಟ ಮಾತು. ಆದರೆ ಯಾರೂ ಎಳೆಯಲಿಲ್ಲ. ಹಸೀನಾಬಿ ಮೂಲೆಯಲ್ಲಿ ಕೂತು ಕೌದಿ ಹೊಲಿಯುತ್ತಿದ್ದಳು. ಹೊಟ್ಟೆ ದೊಡ್ಡದಾಗುತ್ತಿತ್ತು. ಓಣಿಯ ಹೆಂಗಸರು ಬಂದು, ಗಂಡನ ಮನೆಯವರು ಯಾವಾಗ ಬರುತ್ತಾರೆ ಎಂದು ಕೇಳಿ ಹೋಗುತ್ತಿದ್ದರು.

ಏಳನೆಯ ತಿಂಗಳಲ್ಲಿ, ಹಿತ್ತಲಲ್ಲಿ ಇಬ್ಬರೇ ಬಟ್ಟೆ ಒಣಹಾಕುತ್ತಿದ್ದಾಗ, ಮಾಸುಮಬಿಗೆ ತಡೆಯಲಾಗಲಿಲ್ಲ. ಹುಣಸೆರಸದ ಮಾತು ತಾನೇ ಎತ್ತಿದಳು. ಹಸೀನಾಬಿ ಒದ್ದೆ ಬಟ್ಟೆ ಹಿಂಡುತ್ತ, ತಿರುಗಿ ನೋಡದೆ ಹೇಳಿದಳು:

"ಗೊತ್ತೈತಿ. ಅವತ್ತ ಮುಂಡರಗ್ಯಾಗ ಬಾಜೂ ಮನಿ ರಾಮವ್ವ ಕೆಂಡಾ ಒಯ್ಯಾಕ ಬಂದಿದ್ಲು. ಗಡಗಿ ನೋಡಿ, ಹುಳಿ ಮೊದಲ ಹಾಕಿದ್ರ ನಾಳೆ ತನಕಾ ಕುದಿಸಿದ್ರೂ ಬೇಯಂಗಿಲ್ಲ ಅಂದ್ಲು. ನಿಂಗ ಅದು ಗೊತ್ತಿಲ್ಲದ್ದಲ್ಲ."

"ಮತ್ಯಾಕ ಯಾರಿಗೂ ಹೇಳಲಿಲ್ಲ?"

ಹಸೀನಾಬಿ ಬಟ್ಟೆಯನ್ನು ಹಗ್ಗದ ಮೇಲೆ ಹಾಕಿ, ಅದರ ಅಂಚು ಎಳೆದು ಸರಿ ಮಾಡಿದಳು.

"ಅವತ್ತ ಪುಂಡಲೀಕಪ್ಪ ಬಂದದ್ದು ನಂಗೂ ಗೊತ್ತಿತ್ತು ಭಾಬಿ. ಅವ್ವ ಹೊರಗ ಕರದು ಹೇಳಿದ್ಲು, ಬಾಯಿ ಬಿಡಬ್ಯಾಡ ಅಂದ್ಲು. ನಾ ಬಂದು ನಿನ್ನ ಬಾಜೂಕ ಕುಂತು ಬಳ್ಳೊಳ್ಳಿ ಸುಲದೆ. ಹೇಳಿದ್ರ ನೀ ಎದ್ದು ಹೋಗತಿದ್ದಿ." ಇನ್ನೊಂದು ಬಟ್ಟೆ ಕೊಡವಿ, "ನಂಗೂ ಆ ಮನಿ ಬೇಕಾಗಿತ್ತು," ಎಂದಳು.

ಮಾಸುಮಬಿ ಅಳುತ್ತಾಳೆಂದು ಹಸೀನಾಬಿ ನಿರೀಕ್ಷಿಸಿದ್ದಳೋ ಏನೋ. ಅವಳಿಗೆ ಅಳು ಬರಲಿಲ್ಲ. ತಾನು ಮಾಡಿದ್ದು ತಪ್ಪೆಂದು ಹೇಳಲು ಬಂದವಳು ಹೇಳದೆ ನಿಂತಳು. ಅಂದು ಒಲೆಯ ಮುಂದೆ ತಾನು ಅವಳ ತೊಡೆ ತಟ್ಟಿದ್ದು ನೆನಪಾಗಿ ಮೈ ಉರಿಯಿತು. ಅದೇ ಗಳಿಗೆಯಲ್ಲಿ, ಏಳು ತಿಂಗಳ ಹೊಟ್ಟೆ ಹೊತ್ತ ಹುಡುಗಿ ಬುಟ್ಟಿ ಎತ್ತಲು ಬಗ್ಗಿದಳು. ಮಾಸುಮಬಿ ಬುಟ್ಟಿಯನ್ನು ತಾನೇ ಎತ್ತಿಕೊಂಡಳು. ಇಬ್ಬರೂ ಒಳಗೆ ಹೋದರು. ಆಮೇಲೆ ಆ ವಿಷಯವಾಗಿ ಅವರ ನಡುವೆ ಮಾತಾಗಲಿಲ್ಲ. ಒಂದೇ ತಾಟಿನಲ್ಲಿ ಉಣ್ಣುವುದು ನಿಂತಿತು. ಯಾರೂ ಬೇಡ ಅನ್ನಲಿಲ್ಲ, ಎರಡು ತಾಟು ಇಟ್ಟುಕೊಳ್ಳತೊಡಗಿದರು.

ಹೆಣ್ಣು ಮಗು ಹುಟ್ಟಿತು. ಹೆರಿಗೆಯ ಹೊತ್ತಿನಲ್ಲಿ ಹಸೀನಾಬಿಯ ಬೆನ್ನು ಹಿಡಿದವಳು ಮಾಸುಮಬಿಯೇ, ಬಾಣಂತನ ಮಾಡಿದವಳೂ ಅವಳೇ. ಮುಂಡರಗಿಗೆ ಸುದ್ದಿ ಹೋಯಿತು, ಅಲ್ಲಿಂದ ಯಾರೂ ಬರಲಿಲ್ಲ. ಅಬ್ದುಲಗನಿ ಹಿರಿಯರನ್ನು ಕಟ್ಟಿಕೊಂಡು ಎರಡು ಸಲ ಹೋಗಿಬಂದ. ಮೊದಲ ಸಲ ಬುಡ್ಡೇಸಾಬ ಭೆಟ್ಟಿಯನ್ನೇ ಕೊಡಲಿಲ್ಲ. ಎರಡನೆಯ ಸಲ, ನೋಡೋಣ ಎಂದ. ಬರುವಾಗೆಲ್ಲ ಅಬ್ದುಲಗನಿಯ ಮುಖ ಬಾಡಿರುತ್ತಿತ್ತು. ತನ್ನ ತಂಗಿಗೆ ಹೀಗೇಕಾಯಿತು, ನಾವು ಯಾರಿಗೆ ಕೇಡು ಮಾಡಿದ್ದೆವು ಎಂದು ನಿಜವಾಗಿಯೂ ನೊಂದು ಹೆಂಡತಿಯನ್ನು ಕೇಳುತ್ತಿದ್ದ. ಉಂಡು ಮಲಗಿದರೆ ಅವನಿಗೆ ಕೂಡಲೇ ನಿದ್ದೆ ಬರುತ್ತಿತ್ತು. ಫಕೀರಬಿಯೂ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಮುಂಡರಗಿಯವರಿಗೆ ಎದೆಯಲ್ಲಿ ಕಲ್ಲಿದೆ ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಮಾಸುಮಬಿಗೆ ಒಂದೇ ಯೋಚನೆ. ತನ್ನ ಅವ್ವನ ಕೊನೆಗಳಿಗೆಯ ಸುದ್ದಿಯನ್ನು ಮೊದಲು ಮುಚ್ಚಿಟ್ಟವರು ಇವರಿಬ್ಬರು. ಇವರಿಗೆ ತಾನು ಏನನ್ನೂ ಮಾಡಲಾಗಲಿಲ್ಲ. ಕೈಗೆ ಸಿಕ್ಕ ಹದಿನೇಳರ ಹುಡುಗಿಗೆ ಮಾಡಿದಳು, ಈಗ ಅವಳ ಜೊತೆ ಇನ್ನೂ ಹೆಸರಿಡದ ಈ ಕೂಸಿಗೂ ಮಾಡಿದಂತಾಯಿತು.

ಎಂಬತ್ತೊಂದರ ಫೆಬ್ರವರಿಯಲ್ಲಿ ಮುಂಡರಗಿಯಿಂದ ಕರೆ ಬಂತು. ಯಾರ ಮನಸ್ಸೂ ಕರಗಿರಲಿಲ್ಲ. ಮೌಲಾಸಾಬನ ತಾಯಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದಳು, ಎತ್ತಿ ಕೂರಿಸಲು, ಗಂಜಿ ಕುಡಿಸಲು ಮನೆಯಲ್ಲೊಂದು ಹೆಣ್ಣು ಬೇಕಾಗಿತ್ತು. ಕರೆಯಲು ಮೌಲಾಸಾಬ ಬರಲಿಲ್ಲ, ನೀವೇ ಬಸ್ಸಿಗೆ ಹತ್ತಿಸಿರಿ ಎಂದು ಚೀಟಿ ಕಳಿಸಿದ. ಆದರೂ ಫಕೀರಬಿ ಓಣಿಗೆಲ್ಲ ಸಕ್ಕರೆ ಹಂಚಿದಳು.

ಬಸ್ ಸ್ಟ್ಯಾಂಡಿಗೆ ಮಾಸುಮಬಿ ಜೊತೆಗೆ ಹೋದಳು. ಅಬ್ದುಲಗನಿ ಟ್ರಂಕನ್ನು ಮೇಲೆ ಹಾಕಿಸಿ ಕಂಡಕ್ಟರನ ಹತ್ತಿರ ಮಾತಾಡಲು ಹೋದ. ಹಸೀನಾಬಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಕಿಟಕಿಯ ಪಕ್ಕ ಕೂತಿದ್ದಳು. ಮಾಸುಮಬಿ ಕಿಟಕಿಯ ಕೆಳಗೆ ನಿಂತು, ಎರಡು ದಿನದಿಂದ ಒಳಗೇ ಹೊರಳುತ್ತಿದ್ದ ಮಾತನ್ನು ಅವಸರವಸರವಾಗಿ ಶುರು ಮಾಡಿದಳು. ಕಾಳು ಪೂರ್ತಿ ಬೆಂದ ಮೇಲೆ ಉಪ್ಪು, ಎಲ್ಲಕ್ಕಿಂತ ಕೊನೆಗೆ ಹುಳಿ, ಖಂಡವನ್ನು ಮಾತ್ರ ಮೊದಲು ಬಿಸಿನೀರಲ್ಲಿ...

ಹಸೀನಾಬಿ ಕೈ ಚಾಚಿ ಅವಳ ಬಾಯಿಯ ಮೇಲೆ ಇಟ್ಟಳು. ಅದರಲ್ಲಿ ಸಿಟ್ಟೇನೂ ಇರಲಿಲ್ಲ.

"ಬ್ಯಾಡ ಭಾಬಿ. ಕಲಿತರ ಅದನ್ನ ಮಾಡಬೇಕಾಗತೈತಿ. ಬರಂಗಿಲ್ಲ ಅಂದ್ರ ಬೈದು ಬಿಡತಾರ."

ಬಸ್ಸು ಹೊರಟಿತು. ಕೂಸು ಅವಳ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿತ್ತು. ಅಬ್ದುಲಗನಿ ಬಂದು, ಅಂತೂ ಒಳ್ಳೆಯದಾಯಿತು, ಇನ್ನು ಅವರವರ ಬಾಳು ಅವರವರಿಗೆ ಎಂದ. ಆತ ಸೂಜಿ ದಾರ ಕೊಳ್ಳಲು ಬಜಾರದ ಕಡೆ ತಿರುಗಿದ. ಮಾಸುಮಬಿ ಸೆರಗು ತಲೆಯ ಮೇಲೆ ಎಳೆದುಕೊಂಡು, ಬಿಸಿಲು ಇನ್ನೂ ಸುಡುತ್ತಿದ್ದ ರಸ್ತೆಯಲ್ಲಿ ಒಬ್ಬಳೇ ಮನೆಯ ದಾರಿ ಹಿಡಿದಳು.